ರೇಡಿಯೊ ಇಲ್ಲದ ಓಣಿಯ ಕೇಳುಗರು

ಬಾನುಲಿ ಕೇಂದ್ರದ ಮುಖ್ಯಸ್ಥರಾದ ಮಾನ್ಯರೇ,

“ಕೇಳುವ ಕಿವಿ ಇದ್ದಲ್ಲಿಗೆ ರಾಗ ತಾನೇ ದಾರಿ ಹುಡುಕಿಕೊಂಡು ಹೋಗುತ್ತದೆ.” ಇಂಥದೊಂದು ಮಾತನ್ನು ನಿಮ್ಮ ಕೇಂದ್ರದ ಭಾಷಣವೊಂದರಲ್ಲೇ ಕೇಳಿದ್ದೆ. ಹೇಳಿದವರು ಯಾರೆಂದು ನೆನಪಿಲ್ಲ. ‘ರಾಗ’ ಎಂದರೋ ‘ಹಾಡು’ ಎಂದರೋ, ಅದೂ ಮಸುಕು. ಬಹಳ ವರ್ಷ ನಂಬಿದ್ದೆ. ಈಗ ನಂಬುವುದಿಲ್ಲ. ರಾಗ ತಾನಾಗಿ ಎಲ್ಲಿಗೂ ಹೋಗುವುದಿಲ್ಲ, ಯಾರಾದರೂ ಕಳಿಸಬೇಕು. ಕಳಿಸಬೇಕಾದವರು ನೀವು, ಕಳಿಸುವುದಿಲ್ಲ ಎಂದಿದ್ದೀರಿ. ತಿಂಗಳ ಕೊನೆಯ ಭಾನುವಾರ ಬೆಳಗಿನಿಂದ ರಾತ್ರಿಯವರೆಗೆ ಬರುತ್ತಿದ್ದ ಶಾಸ್ತ್ರೀಯ ಸಂಗೀತ ಮತ್ತು ಭಾಷಣಗಳ ದಿನವನ್ನು ನಿಲ್ಲಿಸಲಾಗಿದೆ, ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದಲ್ಲಿ ಅದಕ್ಕೆ ಕೇಳುಗರೇ ಇಲ್ಲ ಎಂದು ನಿಮ್ಮ ಉದ್ಘೋಷಕಿ ಮೊನ್ನೆ ಬಹಳ ನಯವಾಗಿ ತಿಳಿಸಿದರು. ಈ ಮಾತನ್ನು ನಾನು ಮಸ್ಕಿಯಲ್ಲಿ ಕುಳಿತು ರೇಡಿಯೊದಲ್ಲೇ ಕೇಳಿದೆ. ಕೇಳುಗರಿಲ್ಲ ಎಂಬುದನ್ನು ಯಾರಿಗೆ ಹೇಳುತ್ತಿದ್ದಿರಿ, ಸ್ವಾಮಿ?

ನಿಮ್ಮ ಸಮೀಕ್ಷೆ ನಮ್ಮ ಓಣಿಗೂ ಬಂದಿತ್ತು. ಆ ಹೊತ್ತಿನಲ್ಲಿ ನಾನು ಸಿಂಧನೂರಿನ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ನನ್ನ ಮನೆಗೆ ಬೀಗ. ಸಂಜೆ ಬಸ್ಸಿಳಿದು ಬಂದಾಗ ಎದುರು ಮನೆಯ ಸೂಗಮ್ಮ ವರದಿ ಒಪ್ಪಿಸಿದಳು.

“ಯಾರೋ ಮೇಡಮ್ಮಾರು ಬಂದಿದ್ರು ನೋಡ್ರಿ ಅಕ್ಕಾರ. ನಿಮ್ಮನ್ಯಾಗ ರೇಡಿಯೊ ಐತೇನು ಅಂದ್ರು. ಇಲ್ರಿ ಅಂದೆ.”

“ಅಯ್ಯ, ಯಾಕ ಹಂಗಂದಿ?”

“ಮತ್ತೇನನ್ನಬೇಕಿತ್ರಿ? ಐತೇನು ನಮ್ಮನ್ಯಾಗ? ನಿಮ್ಮ ಕಿಟಕ್ಯಾಗ ಐತಿ. ಮಂದಿ ಸಾಮಾನು ನಮ್ದು ಅನ್ನಾಕ ನಾ ಏನು ಕಳ್ಳಿ ಏನು?”

ಓಣಿಯ ಪ್ರತಿ ಮನೆಯವರೂ ಇದೇ ಸತ್ಯವನ್ನು ಹೇಳಿದ್ದಾರೆ. ಸತ್ಯ ಹೇಳಿದ್ದಕ್ಕೆ ನೀವು ಅವರನ್ನು ಕಿವುಡರ ಪಟ್ಟಿಗೆ ಸೇರಿಸಿದಿರಿ. “ರೇಡಿಯೊ ಕೇಳ್ತೀರಾ?” ಎಂದು ಕೇಳಿದ್ದರೆ ಸೂಗಮ್ಮ ನಿಮ್ಮ ಮೇಡಮ್ಮಾರನ್ನು ಚಹಾ ಕುಡಿಸದೆ ಬಿಡುತ್ತಿರಲಿಲ್ಲ. ಆದರೆ ನಿಮಗೆ ಬೇಕಾಗಿದ್ದುದು ಯಂತ್ರದ ಒಡೆಯರು. ಕಿವಿಗಳ ವಿಚಾರ ಯಾರೂ ಎತ್ತಲಿಲ್ಲ.

ನಮ್ಮಲ್ಲಿ ಕೇಳುವ ರೀತಿ ಹೀಗಿದೆ. ನಿಮ್ಮ ಕೇಂದ್ರ ನಮ್ಮ ಓಣಿಯಲ್ಲಿ ಸರಿಯಾಗಿ ಸಿಗುವುದು ನನ್ನ ಮನೆಯ ಬೀದಿ ಕಿಟಕಿಯಲ್ಲಿ ಮಾತ್ರ. ಒಳಗೆ ಒಯ್ದರೆ ಬರೀ ಗೊರಗೊರ. ಹಾಗಾಗಿ ಆ ಭಾನುವಾರ ರೇಡಿಯೊ ಬೀದಿಗೆ ಮುಖ ಮಾಡಿ ಕೂಡುತ್ತದೆ. ಒಬ್ಬೊಬ್ಬರಾಗಿ ತಮ್ಮ ಕೆಲಸ ಹಿಡಿದು ಬರುತ್ತಾರೆ: ಮೊರದಲ್ಲಿ ಜೋಳ ಹಸನು ಮಾಡುವವರು, ಹುಣಸೆಹಣ್ಣಿನ ಬೀಜ ಬಿಡಿಸುವವರು, ಏನೂ ಕೆಲಸವಿಲ್ಲದೆ ಬಂದು ಎಲ್ಲರ ಕೆಲಸದಲ್ಲೂ ಕೊಂಕು ತೆಗೆಯುವವರು. ವಿಳಂಬಿತದಲ್ಲಿ ಹಾಡು ಶುರುವಾದರೆ ಮೊರದಲ್ಲಿ ಕೇರುವ ಕೈಯೂ ನಿಧಾನವಾಗುತ್ತದೆ. ಅದನ್ನು ಯಾರೂ ಯಾರಿಗೂ ಹೇಳಿಕೊಟ್ಟಿಲ್ಲ. ಭಾಷಣಗಳನ್ನಂತೂ ಸುಮ್ಮನೆ ಕೇಳುವವರಲ್ಲ ನಾವು, ಎದುರು ಮಾತಾಡುತ್ತೇವೆ. ಒಮ್ಮೆ ವಿದ್ವಾಂಸರೊಬ್ಬರು ಏಕಾಂತದ ಮಹತ್ವ ವಿವರಿಸುತ್ತಿದ್ದರು. “ಏಕಾಂತ ಅಂತ! ನಮ್ಮನ್ಯಾಗ ಬಚ್ಚಲಕ್ಕ ಹೋದ್ರೂ ಸಿಗಂಗಿಲ್ಲ ಅದು,” ಎಂದಳು ಸೂಗಮ್ಮ. ನಕ್ಕು ಸುಮ್ಮನಾಗುವಷ್ಟರಲ್ಲಿ ಭಾಷಣವೇ ಮುಗಿದಿತ್ತು. ಎಂ.ಎ. ಓದಿ, ಕವಿತೆಗಳೊಂದಿಗೆ ಒಬ್ಬಳೇ ಕೂಡುವುದನ್ನು ಏಕಾಂತವೆಂದು ತಿಳಿದಿದ್ದ ನಾನು ಅಂದಿನಿಂದ ಆ ಪದವನ್ನು ಸ್ವಲ್ಪ ಎಚ್ಚರದಿಂದ ಬಳಸುತ್ತೇನೆ.

ಇನ್ನು ಕರೀಂಸಾಬ್. ಪಕ್ಕದ ಮನೆಯ ಮೆಹರಬಾನುವಿನ ಗಂಡ. ಜವಳಗೇರಾದಿಂದ ಲಿಂಗಸುಗೂರಿನವರೆಗೆ ಮದುವೆಗಳಲ್ಲಿ ಶಹನಾಯಿ ಊದಿದವರು. ಡಿ.ಜೆ. ಬಂದ ಮೇಲೆ ಕರೆ ನಿಂತಿತು, ಆಮೇಲೆ ಲಕ್ವಾ ಹೊಡೆದು ಬಲಗೈಯೂ ಮಾತೂ ನಿಂತವು. ತಿಂಗಳೆಲ್ಲ ಗೋಡೆಗೆ ಮುಖ ಮಾಡಿ ಮಲಗುವ ಈ ಮನುಷ್ಯ ಕೊನೆಯ ಭಾನುವಾರದ ಹಿಂದಿನ ದಿನ ಎಡಗೈಯಿಂದ ಗಲ್ಲ ಸವರಿ ತೋರಿಸುತ್ತಾರೆ: ಗಡ್ಡ ತೆಗೆಸು. ಮರುದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಂಡತಿಯ ಹೆಗಲು ಹಿಡಿದು, ಕಿಟಕಿಯ ಕೆಳಗಿನ ಕುರ್ಚಿಗೆ ಬರುತ್ತಾರೆ. ಕಛೇರಿಗೆ ಹೊರಟ ಕಲಾವಿದರ ಹಾಗೆಯೇ. ಎಡಗೈ ತೊಡೆಯ ಮೇಲೆ ತಾಳ ಹಾಕುತ್ತದೆ. ಅವರು ಮನೆಯ ಹೊಸ್ತಿಲು ದಾಟುವುದು ಅದೊಂದೇ ದಿನ. ಅದನ್ನು ನೀವು ಕಿತ್ತುಕೊಂಡಿರಿ. ಬದಲಿಗೆ ಏನು ಕೊಟ್ಟಿರಿ? “ದಿನವಿಡೀ ಉಲ್ಲಾಸ” ಎಂಬ ಹೆಸರಿನಲ್ಲಿ ಇಬ್ಬರು ನಿರೂಪಕರು ತಮ್ಮ ಮಾತಿಗೆ ತಾವೇ ನಗುವ ಕಾರ್ಯಕ್ರಮ!

ನಿಮ್ಮ ಕಚೇರಿಗೆ ಫೋನ್ ಮಾಡಿದೆ. “ಎಲ್ಲಾ ಮೊಬೈಲಿನಲ್ಲೇ ಸಿಗುತ್ತೆ ಮೇಡಂ, ಬೇಕಾದ್ದನ್ನು ಹುಡುಕಿಕೊಳ್ಳಿ” ಎಂಬ ಉಪದೇಶ ಸಿಕ್ಕಿತು. ಸರಿ, ಹುಡುಕೋಣ. ಆದರೆ ಹೆಸರೇ ಗೊತ್ತಿಲ್ಲದ ರಾಗವನ್ನು ಸೂಗಮ್ಮ ಏನೆಂದು ಹುಡುಕಬೇಕು? ಮಾತೇ ಹೊರಡದ ಕರೀಂಸಾಬ್ ಯಾವ ಮೊಬೈಲಿಗೆ ಏನು ಹೇಳಬೇಕು? ಮೊಬೈಲು ಕೇಳಿದ್ದನ್ನು ಕೊಡುತ್ತದೆ. ಕೇಳಲು ಗೊತ್ತಿಲ್ಲದ್ದನ್ನು ತಂದು ಕಿಟಕಿಯಲ್ಲಿ ಇಡುವುದು ನಿಮ್ಮ ಕೆಲಸವಾಗಿತ್ತು. ನಮ್ಮೂರಿನ ಬಂಡೆಯ ಮೇಲೆ ಚಕ್ರವರ್ತಿಯೊಬ್ಬ ತನ್ನ ಮಾತು ಕೆತ್ತಿಸಿದ್ದಾನೆ, ತಮಗೆ ಗೊತ್ತಿರಬಹುದು. ಮಸ್ಕಿಯಲ್ಲಿ ಓದುವವರು ಎಷ್ಟು ಮಂದಿ, ಅವರ ಮನೆಯಲ್ಲಿ ಸ್ವಂತ ಬಂಡೆ ಇದೆಯೇ ಎಂದು ಅವನು ಮೊದಲು ವಿಚಾರಿಸಿದ್ದರೆ ಆ ಕಲ್ಲು ಇಂದಿಗೂ ಬರೀ ಕಲ್ಲಾಗಿರುತ್ತಿತ್ತು.

ದಯವಿಟ್ಟು ಎಂಬ ಪದವನ್ನು ಬೇಕೆಂದೇ ಬಿಡುತ್ತಿದ್ದೇನೆ. ನಮ್ಮ ಭಾನುವಾರವನ್ನು ಮರಳಿ ಕೊಡಿ. ಆಗದಿದ್ದರೆ, ಆಗದು ಎಂಬುದನ್ನು ಗಾಳಿಯಲ್ಲಿ ಹೇಳಿ ಕೈ ತೊಳೆದುಕೊಳ್ಳಬೇಡಿ, ಓಣಿಗೆ ಬನ್ನಿ. ಬರುವ ಕೊನೆಯ ಭಾನುವಾರವೂ ರೇಡಿಯೊ ಅದೇ ಕಿಟಕಿಯಲ್ಲಿರುತ್ತದೆ, ನಾವೂ ಅದರ ಮುಂದಿರುತ್ತೇವೆ.

ಇಂತಿ,
ತಮ್ಮ ಲೆಕ್ಕದ ಪ್ರಕಾರ ಎಲ್ಲೂ ಇಲ್ಲದ,
ಸುರೇಖಾ
ಮಸ್ಕಿ

ಮರೆತ ಮಾತು: ಇದನ್ನು ಲಕೋಟೆಗೆ ಹಾಕುವ ಮುನ್ನ ಮೆಹರಬಾನುವಿಗೆ ಓದಿ ಹೇಳಿದೆ. ಬಾಗಿಲ ಚೌಕಟ್ಟು ಹಿಡಿದು ನಿಂತೇ ಕೇಳಿದಳು. ಕರೀಂಸಾಬರಿಗೆ ವಿಷಯ ತಿಳಿಸಿದೆಯಾ ಎಂದೆ.

“ನಾ ಹೇಳಿಲ್ರಿ ಅಕ್ಕಾರ, ಹೇಳಾಂಗೂ ಇಲ್ಲ. ಅಂಗಿ ಇಸ್ತ್ರಿ ಮಾಡಿಟ್ಟೀನಿ, ಐತವಾರ ನಿಮ್ಮ ಕಿಟಕಿ ಕೆಳಗ ಕುರ್ಚಿ ಹಾಕ್ತೀನಿ. ಬಂದ್ ಮಾಡೀವಿ ಅನ್ನೋದನ್ನ ಆ ಸಾಹೇಬ್ರೇ ಬಂದು, ಇವರ ಮುಂದ ನಿಂತು ಹೇಳ್ಲಿ.”