ಎಡಗಡೆ ಮಡ್ಗಾರ್ಡಿನ ವಿಚಾರ

ಮಂಗಳವಾರ, ಹದಿನಾಲ್ಕನೆಯ ತಾರೀಖು

ಚಿಕ್ಕ ಯಜಮಾನರಿಗೆ,

ನಮಸ್ಕಾರ. ನಿನ್ನ ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆಂದು ನಂಬಿದ್ದೇನೆ. ಇಲ್ಲಿ ನಾವಿಬ್ಬರೂ ಕ್ಷೇಮ, ಗಾಡಿ ನಮಗಿಂತ ಕ್ಷೇಮ. ನಿನ್ನ ಕಾಗದ ಬಂದು ಹತ್ತೊಂಬತ್ತು ದಿನವಾಯಿತು. ಉತ್ತರ ತಡವಾದರೆ ತಪ್ಪಾಯಿತು ಅನ್ನಬೇಕಂತೆ. ಅಂದಿದ್ದೇನೆ ಎಂದು ತಿಳಿದುಕೊ. ನಿಜ ಸಂಗತಿಯೆಂದರೆ ಇದು ನಾನು ಬರೆದ ಐದನೆಯ ಕಾಗದ. ಮೊದಲಿನ ನಾಲ್ಕನ್ನೂ ನನ್ನವಳು ಓದಿ, "ಇದನ್ನ ಅಂಚೆಗೆ ಹಾಕಿದ್ರೆ ಉತ್ತರ ಬರಲ್ಲ, ವಕೀಲರ ನೋಟೀಸು ಬರುತ್ತೆ" ಎಂದು ಹರಿದು ಹಾಕಿದಳು. ಇದನ್ನು ಅವಳಿಗೆ ತೋರಿಸಿಲ್ಲ.

ಮೊದಲಿನಿಂದ ಹೇಳುತ್ತೇನೆ, ಏಕೆಂದರೆ ನಿನಗೆ ಬೇಕಾದದ್ದು ಮಾತ್ರ ನೆನಪಿರುವ ಕಾಯಿಲೆ ಹುಟ್ಟಿನಿಂದಲೇ ಇದೆ. ಹಳೆಯ ಕಾರುಗಳ ಪ್ರದರ್ಶನಕ್ಕೆ ನಿಮ್ಮಪ್ಪನ ಕ್ಯಾಡಿಲಾಕನ್ನು, ಕ್ಷಮಿಸು, ಇಪ್ಪತ್ತೆರಡು ವರ್ಷದಿಂದ ನನ್ನದಾಗಿರುವ ಕ್ಯಾಡಿಲಾಕನ್ನು, ಕೊಡುತ್ತಿದ್ದೇನೆಂದು ನಿನಗೆ ಗೊತ್ತು. ಅಲ್ಲಿ 'ಮೂಲ ಸ್ಥಿತಿ' ಎಂದು ಒಂದು ಪಂಗಡವಿದೆ. ಹೊಸ ಬಣ್ಣ, ಹೊಸ ಸೀಟು ಹಾಕಿಸಿ ಮದುಮಗಳ ಹಾಗೆ ಸಿಂಗರಿಸಿದ ಗಾಡಿಗಳಿಗೆ ಅಲ್ಲಿ ಜಾಗವಿಲ್ಲ. ಕಾರ್ಖಾನೆ ಬಿಟ್ಟಾಗ ಹೇಗಿತ್ತೋ ಹಾಗೇ ಮುದಿಯಾಗಿರಬೇಕು. ಅಂಥವು ಇಡೀ ಪ್ರದರ್ಶನಕ್ಕೆ ಮೂರು ಬಂದರೆ ಹೆಚ್ಚು.

ಪರೀಕ್ಷೆಗೆ ಬಂದಾತ ದಪ್ಪ ಕನ್ನಡಕದ ಮನುಷ್ಯ. ಬಟ್ಟೆಯಲ್ಲಿ ಸುತ್ತಿದ ಒಂದು ಆಯಸ್ಕಾಂತ ಹಿಡಿದು, ಮಗುವಿನ ಮೈ ಸವರುವ ಹಾಗೆ ಹದಿನೆಂಟು ಅಡಿ ಗಾಡಿಯನ್ನೂ ಸವರಿದ. ಹಿಂದಿನ ಎಡ ದೀಪವನ್ನು ಮೇಲಕ್ಕೆತ್ತಿ ಅದರ ಕೆಳಗೆ ಅಡಗಿರುವ ಪೆಟ್ರೋಲ್ ಬಾಯಿಯನ್ನು ನೋಡಿ ಮಕ್ಕಳ ಹಾಗೆ ನಕ್ಕ. ಮುಂದಿನ ಎಡ ಮಡ್ಗಾರ್ಡಿಗೆ ಬಂದಾಗ ಆಯಸ್ಕಾಂತ ಕೈಯಿಂದ ಜಾರಿ ನೆಲಕ್ಕೆ ಬಿತ್ತು.

"ಇಲ್ಲಿ ಅಂಗೈ ಅಗಲ ಹಿಡೀತಿಲ್ಲವಲ್ಲ?" ಎಂದ.

"ಸೀಸ ತುಂಬಿದಾರೆ ಸಾರ್. ಐವತ್ತೈದು ವರ್ಷದ ಹಿಂದೆ," ಎಂದೆ. ರೇಡಿಯೇಟರಿಗೆ ಬೆಸುಗೆ ಹಾಕಿ ಅನ್ನ ಸಂಪಾದಿಸಿದವನು ನಾನು, ಸೀಸ ಎಲ್ಲಿ ಕೂತಿದೆ ಎಂದು ನನಗೆ ಯಾರೂ ಹೇಳಬೇಕಾಗಿಲ್ಲ.

"ತಪ್ಪೇನಿಲ್ಲ ಬಿಡಿ. ಹಳೇ ಗಾಯ ಇದ್ರೆ ಮರ್ಯಾದೆ ಕಮ್ಮಿ ಆಗಲ್ಲ, ಮುಚ್ಚಿಟ್ರೆ ಆಗುತ್ತೆ. ಯಾರು ತಾಗಿಸಿದ್ರು, ಹೇಗೆ ಅಂತ ಮೊದಲ ಮಾಲೀಕರ ಮನೆಯವರಿಂದ ಬರೆಸಿ ತನ್ನಿ. ಗಾಡಿ ಪಕ್ಕದಲ್ಲೇ ಹಲಗೆ ಮೇಲೆ ಅಂಟಿಸ್ತೀವಿ."

ಮೊದಲ ಮಾಲೀಕರ ಮನೆಯಲ್ಲಿ ಉಳಿದಿರುವವನು ನೀನೊಬ್ಬನೇ. ಕೇಳಿದೆ. ಬರೆದು ಕಳಿಸಿದೆ. ಏನು ಬರೆದೆ? "ಸದರಿ ವಾಹನದ ಮಡ್ಗಾರ್ಡು ಅಂದಿನ ನಮ್ಮ ಮನೆಯ ಚಾಲಕನ ಅಜಾಗರೂಕತೆಯಿಂದ ಗೇಟಿನ ಕಂಬಕ್ಕೆ ತಗುಲಿ ಜಖಂಗೊಂಡಿತು." ಕೆಳಗೆ ಸಹಿ. ಜೊತೆಗೆ ನನ್ನ ಹಳೆಯ ಅಡ್ಡಹೆಸರು ಹಿಡಿದು ಒಂದು ಚೀಟಿ: "ಬೋಲ್ಟು, ಬಹುಮಾನ ಬಂದ್ರೆ ಊಟ ಹಾಕಿಸ್ಬೇಕು ಕಣೋ."

ಆ ಚಾಲಕ ನನ್ನ ಅಪ್ಪ ಕಣೋ, ಮಹಾರಾಯ. ಅವನ ತಿಥಿಯ ಊಟ ಹಾಕಿಸುತ್ತೇನೆ, ಬಾ.

ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿದವನು ನೀನು. ರಾಜರ ಗತಿ ಏನಾಯಿತೋ ದೇವರೇ ಬಲ್ಲ! ನಾನು ಆರನೆಯ ಕ್ಲಾಸಿಗೆ ಬಿಟ್ಟವನು, ನನ್ನ ತಲೆಗೆ ಹೊಳೆಯುವುದು ಇಷ್ಟೇ: ಈ ಗಾಡಿಗೆ ಸ್ಟಿಯರಿಂಗ್ ಎಡಗಡೆ. ಡ್ರೈವರು ಕೂರುವುದು ಎಡಗಡೆ. ಗೇಟಿನ ಕಂಬ ತಗುಲಿದ್ದೂ ಎಡಗಡೆಗೇ. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರದ ಕಂಬಕ್ಕೆ ಯಾವ ಡ್ರೈವರು ಗುದ್ದುತ್ತಾನೆ? ಗುದ್ದುವುದು ಬಾನೆಟ್ಟಿನ ಮೇಲಿಂದ ದಾರಿಯೇ ಕಾಣದ ಹದಿಮೂರು ವರ್ಷದವನು. ಅದಕ್ಕೇ ಅಲ್ಲವೇ ನಿಮ್ಮಮ್ಮನ ಹಾಸಿಗೆಯಿಂದ ಎರಡು ದಿಂಬು ತಂದು ಸೀಟಿನ ಮೇಲೆ ಪೇರಿಸಿಕೊಂಡದ್ದು? ಗೇರು ತಾನೇ ಬದಲಾಯಿಸಿಕೊಳ್ಳುವ ಗಾಡಿ; ಲಿವರ್ ಎಳೆದು ಕಾಲೊತ್ತಿದರೆ ಕತ್ತೆಯೂ ಓಡಿಸಬಹುದು. ಓಡಿಸಿತು.

ನಾನು ಷೆಡ್ಡಿನ ಹಿಂದೆ ನಲ್ಲಿಯ ಹತ್ತಿರ ಬಕೆಟ್ಟು ತೊಳೆಯುತ್ತಿದ್ದೆ. ಸದ್ದು ಕೇಳಿ ಓಡಿ ಬರುವಷ್ಟರಲ್ಲಿ ನಿನ್ನ ಬೆನ್ನು ಮೆಟ್ಟಿಲು ಹತ್ತಿ ಒಳಗೆ ಹೋಗುತ್ತಿತ್ತು. ಅಪ್ಪ ಕಂಕುಳಲ್ಲಿ ಎರಡು ದಿಂಬು ಇರುಕಿಕೊಂಡು ಮಡ್ಗಾರ್ಡಿನ ಮುಂದೆ ನಿಂತಿದ್ದ. ಸಂಜೆ ನಿಮ್ಮಪ್ಪ ಬಂದರು. "ಕಣ್ಣು ಮಂಜಾಯ್ತೇನಯ್ಯಾ ನಿಂಗೆ?" ಎಂದರು. "ಕೈ ತಪ್ಪಿತು ಯಜಮಾನ್ರೇ," ಎಂದ ನಮ್ಮಪ್ಪ. ನೀನು ಕಿಟಕಿಯ ಸರಳು ಹಿಡಿದು ನೋಡುತ್ತಿದ್ದೆ.

ಆಮೇಲೆ ಹನ್ನೊಂದು ತಿಂಗಳು ಅವನಿಗೆ ಸ್ಟಿಯರಿಂಗ್ ಮುಟ್ಟಲು ಬಿಡಲಿಲ್ಲ. ಹೊಸ ಡ್ರೈವರು ಹಾರ್ನ್ ಹೊಡೆಯುವುದು, ನಮ್ಮಪ್ಪ ಓಡಿ ಹೋಗಿ ಗೇಟು ತೆಗೆಯುವುದು. ದಿನಕ್ಕೆ ನಾಲ್ಕು ಸಲ. ನನಗೆ ಲೆಕ್ಕದ ಚಟವಿದೆ, ನಿನಗೂ ಗೊತ್ತು: ಸಾವಿರದ ಮುನ್ನೂರು ಸಲಕ್ಕೆ ಕಡಿಮೆಯಿಲ್ಲ. ಅದೇ ಕಂಬದ ಪಕ್ಕದಲ್ಲಿ ನಿಂತು, ಗಾಡಿ ಹೋಗುವವರೆಗೆ ಸಲಾಮು. ಹೊಸಬ ಎಂಜಿನ್ನು ಬಿಸಿಯಾಗುವ ಮೊದಲೇ ಒದ್ದು ಓಡಿಸಿ ಗೇರ್‌ಬಾಕ್ಸಿನ ಎಣ್ಣೆಯೆಲ್ಲ ಸೋರಿಸಿದ ಮೇಲೆ ನಿಮ್ಮಪ್ಪನಿಗೆ ಬುದ್ಧಿ ಬಂತು, ಅಪ್ಪನನ್ನು ಮತ್ತೆ ಕರೆದರು. ಅದಕ್ಕೆ ಹಿಂದೆಯೂ ಮುಂದೆಯೂ ಸೇರಿ ಮೂವತ್ತೊಂದು ವರ್ಷ ಅವನು ಗಾಡಿ ಓಡಿಸಿದ. ಒಂದು ಗೀರಿಲ್ಲ. ನೀವು ಬಿಟ್ಟುಹೋಗಲು ಮನೆ, ಮರ, ಬೆಳ್ಳಿ ತಟ್ಟೆ ಎಲ್ಲಾ ಇತ್ತು. ನಮ್ಮಪ್ಪ ಬಿಟ್ಟುಹೋದ ಆಸ್ತಿ 'ಒಂದು ಗೀರಿಲ್ಲ' ಎಂಬ ಆ ಒಂದು ಮಾತು ಮಾತ್ರ. ಅದನ್ನೂ ಅಜಾಗರೂಕತೆ ಎಂದು ಬರೆದು, ಸಹಿ ಮಾಡಿ, ಊಟ ಕೇಳುತ್ತೀಯಲ್ಲ?

ನೀನು ಫೋನಿನಲ್ಲಿ ಏನೆಂದೆಯೋ ಅದನ್ನೂ ಮರೆತಿಲ್ಲ. "ಅವರು ತೀರಿಕೊಂಡು ಹದಿನಾರು ವರ್ಷ ಆಯ್ತಲ್ಲೋ. ಈಗ ಯಾರಿಗೆ ಏನು ನಷ್ಟ? ನನಗಾದ್ರೆ ಮೊಮ್ಮಕ್ಕಳಿದಾರೆ, ಪ್ರದರ್ಶನಕ್ಕೆ ಬರ್ತಾರೆ." ಅಂದರೆ ನಿನ್ನ ಮೊಮ್ಮಕ್ಕಳ ಕಣ್ಣಿನಲ್ಲಿ ನೀನು ಚೊಕ್ಕವಾಗಿರಬೇಕು, ನನ್ನ ಮೊಮ್ಮಕ್ಕಳ ಮುತ್ತಜ್ಜ ಮಾತ್ರ ಕುರುಡನಾಗಿದ್ದರೂ ನಡೆಯುತ್ತದೆ. ಚೆನ್ನಾಗಿದೆ ನ್ಯಾಯ!

'ಆ ಗಾಡಿಯನ್ನು ನಾವು ಎಷ್ಟು ಪ್ರೀತಿಯಿಂದ ಇಟ್ಟಿದ್ದೆವು' ಎಂದೂ ಬರೆದಿದ್ದೀಯ. ನಗು ಬಂತು. ನಾನು ಅದನ್ನು ಕೊಳ್ಳಲು ಬಂದಾಗ ಒಂಬತ್ತು ವರ್ಷದಿಂದ ಟಾರ್ಪಾಲಿನ ಕೆಳಗೆ ಬಿದ್ದಿತ್ತು, ಹಿಂದಿನ ಸೀಟಿನಲ್ಲಿ ಇಲಿ ಮೂರು ಸಂಸಾರ ಹೂಡಿದ್ದವು, ನೀನು ಗುಜರಿಯವನ ಜೊತೆ ತೂಕದ ಮಾತಾಡುತ್ತಿದ್ದೆ. ಇವತ್ತು ಆ ಗಾಡಿ ಒಂದು ಚಿಟಿಕೆಗೆ ಸ್ಟಾರ್ಟ್ ಆಗುತ್ತದೆ. ವಾರಕ್ಕೊಮ್ಮೆ ಎಂಟು ಸಿಲಿಂಡರಿಗೂ ಉಸಿರಾಡಿಸುತ್ತೇನೆ. ಬಿಳಿ ಪಟ್ಟಿಯ ಟೈರುಗಳನ್ನು ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕುತ್ತೇನೆ. ಬಂಪರಿನ ಕ್ರೋಮಿಗೆ ಬೇರೆ ಬಟ್ಟೆ, ಗಾಜಿಗೆ ಬೇರೆ. ಯಾವ ದಿನ ಎಷ್ಟು ಎಣ್ಣೆ, ಎಷ್ಟು ನೀರು, ಯಾವ ಮೂಲೆಯಲ್ಲಿ ಹೊಸ ಸದ್ದು, ಎಲ್ಲಾ ಪುಸ್ತಕದಲ್ಲಿದೆ. "ನನ್ನ ಬಿ.ಪಿ.ಗೂ ಒಂದು ಪುಸ್ತಕ ಇಡಿ" ಎನ್ನುತ್ತಾಳೆ ನನ್ನವಳು. ಬಣ್ಣವನ್ನು ಮಾತ್ರ ಮುಟ್ಟಿಲ್ಲ. ಬಾನೆಟ್ಟಿನ ಮೇಲೆ ಅದು ತೆಳುವಾಗಿ ತಳ ಕಾಣುತ್ತಿದೆ. ಅದು ಅಪ್ಪನ ಅಂಗೈ ಸವೆಸಿದ್ದು. ಅದಕ್ಕೆ ಹೊಸ ಬಣ್ಣ ಹೊಡೆಯುವವನ ಕೈ ಮುರಿಯುತ್ತೇನೆ.

ಆದರೆ ಅಪ್ಪ ಕೊನೆಯವರೆಗೂ ಅದನ್ನು 'ಯಜಮಾನರ ಗಾಡಿ' ಎಂದೇ ಕರೆದ. ನನ್ನ ಷೆಡ್ಡು, ನನ್ನ ಪೆಟ್ರೋಲು, ನನ್ನ ಹೆಸರಿನ ಕಾಗದ. "ಹಿಂದೆ ಕೂತ್ಕೊ ಅಪ್ಪಾ, ನಾನು ಓಡಿಸ್ತೀನಿ," ಎಂದು ಆರು ವರ್ಷ ಕರೆದೆ. "ಅದು ನಮ್ಮ ಜಾಗ ಅಲ್ಲ," ಎಂದು ಆರು ವರ್ಷವೂ ಮುಂದೆಯೇ ಕೂತ.

ಇರಲಿ. ವ್ಯವಹಾರದ ಮಾತು: ಕಾಗದ ಇಪ್ಪತ್ತೆಂಟರೊಳಗೆ ಅವರ ಕೈ ಸೇರಬೇಕು. ನೀನು ಬರೆದದ್ದನ್ನು ಇದರೊಂದಿಗೆ ಹಿಂದಕ್ಕೆ ಕಳಿಸಿದ್ದೇನೆ. ಯಾರು ಗುದ್ದಿದರೋ ಅವರ ಹೆಸರು ಹಾಕಿ ಬರೆದುಕೊಡು. ಆಗದಿದ್ದರೆ ಗಾಡಿ ಷೆಡ್ಡಿನಿಂದ ಕದಲುವುದಿಲ್ಲ, ನೀನೂ ನನ್ನ ಗೇಟು ದಾಟಬೇಡ. ಅರವತ್ತೆಂಟು ವರ್ಷಕ್ಕೆ ಹೊಸ ಗೆಳೆಯರು ಸಿಗುವುದಿಲ್ಲ ಎಂದು ಹೆದರಿಸಬೇಡ, ಹಳಬರೇ ಸಾಕಾಗಿದ್ದಾರೆ.

ಮನೆಯವರಿಗೆ ನಮಸ್ಕಾರ. ನಿನಗೆ ಏನೂ ಇಲ್ಲ.

ಡ್ರೈವರನ ಮಗ


ಶುಕ್ರವಾರ, ಎಂಟನೆಯ ತಾರೀಖು

ಮೇಷ್ಟ್ರೇ,

ಬೆನ್ನು ಹಿಡಿದುಕೊಂಡು ಎರಡು ದಿನ ಮಲಗಿದ್ದೆ, ಅದಕ್ಕೇ ತಡ. ಹದಿನೆಂಟು ಅಡಿ ಕಾರನ್ನು ಮೈದಾನದ ಹುಲ್ಲಿನ ಮೇಲೆ ಬಿಸಿಲಲ್ಲಿ ನಾಲ್ಕು ಸಲ ಒರೆಸಿದರೆ ಇನ್ನೇನಾಗುತ್ತದೆ! ನಿನ್ನ ರಿಜಿಸ್ಟರ್ಡ್ ಕಾಗದ ಇಪ್ಪತ್ತಾರಕ್ಕೇ ಬಂದಿತ್ತು. ಓದುವ ಮೊದಲು, ಈ ಸಲ ಯಾರ ಮೇಲೆ ಹಾಕಿರುತ್ತಾನೆ, ಗೇಟು ಕಟ್ಟಿದ ಗಾರೆಯವನ ಮೇಲೋ ಎಂದುಕೊಂಡೆ. ನೀನು ನಿನ್ನ ಮೇಲೆಯೇ ಹಾಕಿಕೊಂಡಿದ್ದೆ. ಒಂದು ಪುಟ ಕೇಳಿದರೆ ಮೂರು ಪುಟ. ಮೇಷ್ಟ್ರ ಬುದ್ಧಿ ಎಲ್ಲಿ ಹೋಗುತ್ತದೆ?

ಇದನ್ನು ಉಪಕಾರ ಎಂದು ನಾನು ಬರೆದುಕೊಳ್ಳುವುದಿಲ್ಲ. ಐವತ್ತೈದು ವರ್ಷ ಇಟ್ಟುಕೊಂಡಿದ್ದ ಪರರ ವಸ್ತುವನ್ನು ಹಿಂದಕ್ಕೆ ಕೊಟ್ಟವನಿಗೆ ಯಾರೂ ಶಾಲು ಹೊದಿಸುವುದಿಲ್ಲ. ಆದರೂ ಆದದ್ದನ್ನು ಹೇಳಬೇಕು. ಕನ್ನಡಕದವನು ಓದಿ, "ಇಂಥ ಕಾಗದ ನಮಗೆ ಯಾವತ್ತೂ ಬಂದಿಲ್ಲ," ಎಂದು ಮೂರೂ ಪುಟ ಹಲಗೆಗೆ ಅಂಟಿಸಿದ. ಜನ ಕಾರು ನೋಡುವುದನ್ನು ಬಿಟ್ಟು ಅದನ್ನು ಓದುತ್ತಾ ನಿಂತರು. ಒಬ್ಬಾಕೆ ತನ್ನ ಗಂಡನಿಗೆ ಜೋರಾಗಿ ಓದಿ ಹೇಳಿದಳು. ಅವನು, "ಆ ಡ್ರೈವರು ದೊಡ್ಡ ಮನುಷ್ಯ," ಎಂದ. ನಾನು ಪಕ್ಕದಲ್ಲೇ ಬಂಪರು ಒರೆಸುತ್ತಿದ್ದೆ. ನನ್ನನ್ನು ಕೂಲಿಯವನೆಂದುಕೊಂಡು, "ಸ್ವಲ್ಪ ಸರಿಯಪ್ಪಾ, ಫೋಟೋ ತೆಗೀಬೇಕು," ಎಂದ. ಸರಿದೆ.

ನಿನ್ನ ಮೊಮ್ಮಕ್ಕಳು ಬಂದಿದ್ದರು. ದೊಡ್ಡವಳು ಮೂರೂ ಪುಟ ಓದಿ ನನ್ನ ಹತ್ತಿರ ಬಂದು, "ನಮ್ಮ ತಾತ ಅಷ್ಟು ತರಲೇನಾ?" ಎಂದಳು. "ಈಗಲೂ," ಎಂದೆ. ಅವಳು ನಕ್ಕಳು. ನಿನ್ನ ಮಾನಕ್ಕೆ ಏನೂ ಆಗಿಲ್ಲ, ಹೆದರಬೇಡ. ಗಾಡಿಗೆ ಎರಡನೆಯ ಬಹುಮಾನ. ಮೊದಲನೆಯದು ಡಾಕ್ಟರೊಬ್ಬರ ಪುಟ್ಟ ಕಾರಿಗೆ ಹೋಯಿತು, ಅದರ ಗಡಿಯಾರ ಇನ್ನೂ ನಡೆಯುತ್ತದಂತೆ. ನಮ್ಮದು ನಿಂತಿದೆ.

ಹೀಗೆ ನನಗೆ ಬೇಕಾದದ್ದೆಲ್ಲ ಆಯಿತು. ಅಪ್ಪನ ಹೆಸರು ಊರೆಲ್ಲರ ಮುಂದೆ ತೊಳೆದು ಒಣಗಿಸಿದಂತಾಯಿತು. ನಾನು ಸಂತೋಷವಾಗಿರಬೇಕಿತ್ತು. ಮನೆಗೆ ಬಂದು ಎಂಜಿನ್ನು ಆರಿಸಿ ಸ್ಟಿಯರಿಂಗಿನ ಮೇಲೆ ಕೈಯಿಟ್ಟುಕೊಂಡು ಕೂತೇ ಇದ್ದೆನಂತೆ. ನನ್ನವಳು ಎರಡು ಸಲ ಬಂದು ಕರೆದಳಂತೆ.

ನಿನ್ನ ಎರಡನೆಯ ಪುಟದಲ್ಲಿ ನನಗೆ ಗೊತ್ತಿಲ್ಲದ್ದು ಒಂದಿತ್ತು. ಅಪ್ಪ ಓಡಿ ಬಂದು ಬಾಗಿಲು ತೆಗೆದದ್ದು, ನಿನ್ನನ್ನು ಎರಡೂ ಕೈಯಲ್ಲಿ ಎತ್ತಿ ಇಳಿಸಿದ್ದು, ನಿನ್ನ ಮೂಗಿನಿಂದ ಬರುತ್ತಿದ್ದ ರಕ್ತವನ್ನು ತನ್ನ ಅಂಗಿಯ ತುದಿಯಿಂದ ಒರೆಸಿದ್ದು. "ಒಳಗೆ ಹೋಗಿ ಚಿಕ್ಕೆಜಮಾನ್ರೇ, ಅಳಬೇಡಿ, ನಾನಿದೀನಿ," ಎಂದದ್ದು. ಆ ಸಾಲನ್ನು ನೀನು ಬರೆಯದಿದ್ದರೂ ನಡೆಯುತ್ತಿತ್ತು. ಅದನ್ನು ಬರೆ ಎಂದು ನಾನು ಕೇಳಿರಲಿಲ್ಲ.

ನಿನಗೆ ಆಯುಷ್ಯ ಗಟ್ಟಿಯಾಗಿರಲಿ, ಮಂಡಿ ನೋವು ಕಡಿಮೆಯಾಗಲಿ, ಮೊಮ್ಮಕ್ಕಳು ನಿನಗಿಂತ ಸತ್ಯವಂತರಾಗಲಿ. ಗೇಟು ದಾಟಬೇಡ ಎಂದಿದ್ದೆ, ಬರಬಹುದು. ಆದರೆ ಇನ್ನು ಸ್ವಲ್ಪ ದಿನ ಬಿಟ್ಟು ಬಾ.

ಬೋಲ್ಟು

ಕೆಳಗೊಂದು ಮಾತು: ಆವತ್ತು ನೀನು ಒಳಗೆ ಹೋದ ಮೇಲೆ ಆದದ್ದು ನಿನಗೆ ಗೊತ್ತಿಲ್ಲ. "ನೀನ್ಯಾಕೆ ಬೈಸ್ಕೋಬೇಕು? ಯಜಮಾನ್ರಿಗೆ ನಾನು ಹೇಳ್ತೀನಿ," ಎಂದೆ ಅಪ್ಪನಿಗೆ. ಕಂಕುಳಿನ ದಿಂಬುಗಳನ್ನು ಬೀಳಲು ಬಿಟ್ಟು ಕೆನ್ನೆಗೆ ಹೊಡೆದ. ಅವನು ನನ್ನನ್ನು ಹೊಡೆದದ್ದು ಅದೊಂದೇ ಸಲ. ನನ್ನ ಮೂಗಿನಿಂದಲೂ ರಕ್ತ ಬಂತು. ನಲ್ಲಿಗೆ ಹೋಗಿ ನಾನೇ ತೊಳೆದುಕೊಂಡೆ. "ಬಾಯಿ ಬಿಟ್ರೆ ನೋಡು. ಪಾಪ, ಅದು ಮಗು ಕಣೋ," ಎಂದ. ನಾನು ನಿನಗಿಂತ ಎರಡು ತಿಂಗಳು ಚಿಕ್ಕವನು.