ಫೋಟೋಕ್ಕೊಂದು ಚೆಂಡು ಮಲ್ಲಿಗೆ

ಡೊಂಬಿವಲಿ, ಗುರುವಾರ

ಆಸ್ಪತ್ರೆಯ ನೆರವು ಸಮಿತಿಯ ಕಾರ್ಯದರ್ಶಿ ಸುಜನ್ ಶೆಟ್ಟರಿಗೆ,

‘ಸ್ತನ ಕ್ಯಾನ್ಸರ್ ಗೆದ್ದವರ ಸನ್ಮಾನ’ದಲ್ಲಿ ನನ್ನ ಕೈಗೂ ಒಂದು ಚೆಂಡು ಮಲ್ಲಿಗೆ ಕೊಟ್ಟು, “ಮುಡ್ಕೊಳ್ಳಿ ಅಕ್ಕ, ಫೋಟೋ ಚಂದ ಬರ್ತದೆ” ಎಂದಿರಿ. ಸ್ಕಾರ್ಫ್ ಸರಿಸಿ, ಕೀಮೋದಿಂದ ಬೋಳಾದ ತಲೆ ತೋರಿಸಿದೆ. “ಹಾಗಾದ್ರೆ ಕೈಯಲ್ಲೇ ಹಿಡ್ಕೊಳ್ಳಿ” ಎಂದಿರಿ!

ರೋಗಿಗಳನ್ನು ಕರೆತರಬೇಕಾದ ನಿಮ್ಮ ವ್ಯಾನ್ ಅಂದು ಹೂವು, ಶಾಲು, ಕುರ್ಚಿ ತರಲು ಹೋಗಿತ್ತು. ನಾನು ಲೋಕಲ್ ರೈಲಿನ ನೂಕುನುಗ್ಗಲಲ್ಲಿ, ಆಪರೇಷನ್ ಆದ ಎಡಭಾಗಕ್ಕೆ ಬ್ಯಾಗು ಅಡ್ಡ ಹಿಡಿದು, ಥಾಣೆಯವರೆಗೆ ನಿಂತೇ ಬಂದೆ.

ಮಂಗಳವಾರ ಮತ್ತೆ ಕೀಮೋ ಇದೆ. ಬೆಳಿಗ್ಗೆ ಏಳಕ್ಕೆ ನಮ್ಮ ಬಿಲ್ಡಿಂಗಿನ ಗೇಟಿನಲ್ಲಿ ನಿಂತಿರುತ್ತೇನೆ, ವ್ಯಾನ್ ಕಳುಹಿಸಿ. ಹೂವು ಬೇಡ. ಕೂದಲು ಬಂದ ಮೇಲೆ ನಾನೇ ಕೊಂಡು ಮುಡಿಯುತ್ತೇನೆ.

ಇನ್ನೂ ಗೆದ್ದಿಲ್ಲದ,
ಹರಿಣಾಕ್ಷಿ