ಮೆಣಸ ಮೂಸಿದ ಬೆಂಚು

ಸಾಂಟಾ ಕ್ಲಾರಾ
೧೪ ಅಕ್ಟೋಬರ್ ೧೯೮೫

ರೀ,

ಮದುವೆಯಾದಾಗಿನಿಂದ ನಿಮ್ಮನ್ನು ಹೀಗೇ ಕರೆದದ್ದು, ಕಾಗದದಲ್ಲೂ ಇದೇ ಇರಲಿ. ನಾನು, ರಮಾ ಕ್ಷೇಮ. ನಿಮ್ಮ ಕ್ಷೇಮ ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀರಾ?

ವಿಷಯ ಮೆಣಸನದು. ನಿಮ್ಮ ಮುದ್ದಿನ ನಾಯಿ. ಮಗಳು ಪೆಪ್ಪರ್ ಎಂದು ಹೆಸರಿಟ್ಟರೂ ನನ್ನ ಬಾಯಲ್ಲಿ ಮೆಣಸನೇ ಆದವನು. ಕಂಪನಿ ಕೆಲಸದ ಮೇಲೆ ಟೆಕ್ಸಾಸಿಗೆ ಹೋಗುತ್ತೇನೆಂದು ನೀವು ಕಾರು ನಮಗೇ ಬಿಟ್ಟು, ಸೂಟ್‌ಕೇಸು ಹಿಡಿದು ಹೊರಟಿರಲ್ಲ, ಆಮೇಲೆ ಸಂಜೆ ಹೊತ್ತು ಅವನನ್ನು ಸುತ್ತಾಡಿಸುವ ಕರ್ಮ ನನ್ನ ತಲೆಗೆ ಬಂತು. ನಾಯಿ ಸೋಕಿದರೆ ಸ್ನಾನ ಮಾಡಿಸುತ್ತಿದ್ದ ಮನೆಯಲ್ಲಿ ಬೆಳೆದವಳು, ಈಗ ಪ್ಲಾಸ್ಟಿಕ್ ಚೀಲ ಹಿಡಿದು ಅವನ ಹಿಂದೆ ಓಡುತ್ತೇನೆ. ನಗಬೇಡಿ.

ನಮ್ಮ ಅಪಾರ್ಟ್‌ಮೆಂಟಿನ ಎದುರು, ರಸ್ತೆಯಾಚೆ ಬಸ್ ಸ್ಟಾಪಿನ ಬೆಂಚಿದೆಯಲ್ಲ, ಅಲ್ಲಿಗೆ ಬಂದರೆ ಮೆಣಸ ನಾಲ್ಕೂ ಕಾಲು ಊರಿ ನಿಂತುಬಿಡುತ್ತಿದ್ದ. ಬೆಂಚಿನ ಒಂದು ತುದಿಯನ್ನು ಮೂಸಿ ಮೂಸಿ ಕುಂಯ್‌ಗುಡುತ್ತಿದ್ದ. ಆಮೇಲೆ ತಡೆತಡೆದು ಬೊಗಳುತ್ತಿದ್ದ. ಕೊನೆಗೆ ಮೂತಿ ಮೇಲೆತ್ತಿ ಊಳು. ಬೆಕ್ಕು ಕಂಡರೆ ಹೇಗೆ ಬೊಗಳುತ್ತಾನೆ, ಪೋಸ್ಟ್‌ಮ್ಯಾನ್ ಕಂಡರೆ ಹೇಗೆ ಎಂದು ಇಷ್ಟರಲ್ಲಿ ನನಗೂ ಗೊತ್ತಾಗಿತ್ತು. ಇದು ಎರಡೂ ಅಲ್ಲ. ಅದೂ ಪಿತೃಪಕ್ಷದಲ್ಲಿ! ನಾಯಿ ಊಳಿಟ್ಟರೆ ಮನೆಯವರಿಗೆ ಕೇಡು ಎಂದು ಅಜ್ಜಿ ಹೇಳುತ್ತಿದ್ದುದು ನೆನಪಾಗಿ, ನಿಮಗೇ ಏನೋ ಆಗಿದೆ ಎಂದುಕೊಂಡೆ. ನಿಮ್ಮ ನಂಬರು ನನ್ನ ಹತ್ತಿರ ಇಲ್ಲ. ಭಾನುವಾರ ನೀವಾಗಿ ಫೋನು ಮಾಡುವವರೆಗೆ ಕಾಯಬೇಕು. ರಾಯರಿಗೆ ಹರಕೆ ಹೊತ್ತೆ. ಅದೂ ಸಾಲದೆಂದು ಆ ಬೆಂಚಿಗೆ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿದೆ. ಬಸ್ಸಿಗೆ ಕಾಯುತ್ತಿದ್ದ ಅಮೆರಿಕನ್ ಮುದುಕಿ ಎದ್ದು ದೂರ ಹೋಗಿ ನಿಂತಳು.

ಕೊನೆಗೆ ಅರ್ಥ ಹೇಳಿದವಳು ರಮಾ. ಒಂದು ಸಂಜೆ ಜೊತೆಗೆ ಬಂದವಳು ಮೆಣಸನನ್ನು ನೋಡಿ, "ಅಮ್ಮಾ, ದಟ್ಸ್ ಹಿಸ್ ಡ್ಯಾಡಿ ಬಾರ್ಕ್" ಎಂದಳು. ನಿಮ್ಮ ಕಾರು ಗೇಟಿನ ಹತ್ತಿರ ಬಂದಾಗ ಬಾಗಿಲ ಹಿಂದೆ ನಿಂತು ಬೊಗಳುತ್ತಿದ್ದನಲ್ಲ, ಅದೇ. ಅಪ್ಪ ಟೆಕ್ಸಾಸಿನಲ್ಲಿದ್ದಾರೆ, ಸುಮ್ಮನಿರು ಎಂದು ಗದರಿದೆ. ಗದರಿದೆನೇ ಹೊರತು ಮಾರನೆಯ ದಿನ ಒಬ್ಬಳೇ ಹೋಗಿ ಆ ತುದಿಯಲ್ಲಿ ಕೂತು ನೋಡಿದೆ. ನಮ್ಮ ಅಡುಗೆಮನೆಯ ಕಿಟಕಿ ನೇರ ಕಾಣುತ್ತದೆ. ರಮಾ ಕೂತು ಹೋಮ್‌ವರ್ಕ್ ಮಾಡುವ ಟೇಬಲ್ಲೂ ಕಾಣುತ್ತದೆ.

ಮೊನ್ನೆ ಶನಿವಾರ ಗೆಳತಿ ನಿರುಪಮಾ ಜೊತೆ ಇಂಡಿಯನ್ ಗ್ರೋಸರಿಗೆ ನಡೆದು ಹೊರಟಿದ್ದೆ. ಮೆಣಸನೂ ಇದ್ದ. ನಮ್ಮವರಿಗೆ ಪ್ರಮೋಷನ್ನು, ಟೆಕ್ಸಾಸಿನಲ್ಲಿ ಹೊಸ ಫ್ಯಾಕ್ಟರಿಯೇ ಇವರ ಕೈಯಲ್ಲಿದೆ ಎಂದು ದಾರಿಯುದ್ದಕ್ಕೂ ಕೊಚ್ಚಿಕೊಂಡೆ. ಕಾರ್ ವಾಶ್ ಹತ್ತಿರ ಬರುತ್ತಿದ್ದಂತೆ ಮೆಣಸ ಗಾಳಿ ಮೂಸಿದ. ನನ್ನ ಕೈ ಕಿತ್ತುಬರುವ ಹಾಗೆ ಎಳೆದು ಅದೇ ರೀತಿ ಬೊಗಳಿದ. ನೋಡಿದರೆ ನೀವು. ರಬ್ಬರ್ ಬೂಟು, ತಲೆಗೆ ಟೋಪಿ, ಒದ್ದೆ ಅಂಗಿ. ಯಾರದೋ ಕಾರು ಒರೆಸುತ್ತಿದ್ದಿರಿ. ಟೆಕ್ಸಾಸೂ ಇಲ್ಲ, ಕೆಲಸವೂ ಇಲ್ಲ ಎಂದು ಆಗ ತಿಳಿಯಿತು.

ನಾನೇನು ಮಾಡಿದೆ ಗೊತ್ತೇ? ಕುಕ್ಕರುಗಾಲಲ್ಲಿ ಕೂತು ಮೆಣಸನ ಮೂತಿಯನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದೆ. "ಯಾರೇ ಅದು, ನಮ್ಮ ಕಡೆಯವರ ಥರ ಇದಾರಲ್ಲ?" ಎಂದಳು ನಿರುಪಮಾ. "ಯಾರೋ ಏನೋ ಕಣೇ. ಈ ನಾಯಿಗೆ ತಲೆ ಕೆಟ್ಟಿದೆ, ಬಾ" ಎಂದು ಎಳೆದುಕೊಂಡು ಹೊರಟೆ. ಸದ್ಯ, ನೀವು ನಮಗೆ ಬೆನ್ನು ಹಾಕಿದ್ದಿರಿ, ನೋಡಲಿಲ್ಲ. ಕಟ್ಟಿಕೊಂಡ ಗಂಡನನ್ನು ಯಾರೋ ಏನೋ ಎಂದ ಬಾಯಿ ಇದು, ಥೂ! ಎಷ್ಟು ನಾಚಿಕೆಯಾಗುತ್ತಿದೆ ಎಂದು ಬರೆದು ತಿಳಿಸಲಾರೆ.

ನಿಮ್ಮ ಮೇಲೆ ಕೋಪವೂ ಇದೆ. ಕೆಲಸ ಹೋಯಿತು ಎಂದು ಹೇಳುವುದಕ್ಕೆ ನಾನೇನು ಹುಲಿಯೇ, ಕರಡಿಯೇ? ಹೀಗೆ ಕೇಳಿದ ತಕ್ಷಣ ಉತ್ತರವೂ ನೆನಪಾಗುತ್ತದೆ. ನಿಮ್ಮ ಆಫೀಸಿನ ವಿರೂಪಾಕ್ಷಪ್ಪನವರ ಕೆಲಸ ಹೋದಾಗ, ಕೈಲಾಗದವರನ್ನು ಯಾವ ಕಂಪನಿ ಇಟ್ಟುಕೊಳ್ಳುತ್ತದೆ ಎಂದು ಆಡಿಕೊಂಡು ನಕ್ಕವಳು ನಾನೇ. ನೀವು ತಲೆ ಬಗ್ಗಿಸಿ ಅನ್ನ ಕಲಸುತ್ತಿದ್ದಿರಿ.

ನಿನ್ನೆ ಭಾನುವಾರ ನಿಮ್ಮ ಫೋನು ಬರಲಿಲ್ಲ. ರಮಾ ತಟ್ಟೆ ತಂದು ಫೋನಿನ ಪಕ್ಕದಲ್ಲೇ ಕೂತು ಊಟ ಮಾಡಿದಳು. ಸಂಜೆ ಮೆಣಸ ಬೆಂಚನ್ನು ಮೂಸಿದ, ಸುತ್ತು ಹಾಕಿ ಮತ್ತೆ ಮೂಸಿದ, ಬೊಗಳಲಿಲ್ಲ. ಇವತ್ತೂ ಇಲ್ಲ. ಯಾಕೆ ಬರುವುದನ್ನು ಬಿಟ್ಟಿರೋ ತಿಳಿಯದು. ಭಯವಾಗುತ್ತಿದೆ ಕಣ್ರೀ.

ಬೆಳಿಗ್ಗೆ ನಿರುಪಮಾಗೆ ಫೋನು ಮಾಡಿ, ಪ್ರಮೋಷನ್ನು ಸುಳ್ಳು, ಅಲ್ಲಿ ಕಾರು ಒರೆಸುತ್ತಿದ್ದವರು ನಮ್ಮವರೇ ಎಂದು ಹೇಳಿದೆ. ಅವಳು, "ಮೊದ್ಲು ಅವರನ್ನ ಮನೆಗೆ ಕರ್ಕೊಂಡು ಬಾರೇ" ಎಂದಳು. ಈ ಕಾಗದ ಹಾಕಲು ವಿಳಾಸವಿಲ್ಲ. ನಾನೇ ಕಾರ್ ವಾಶಿಗೆ ಹೋಗಿ, ಇದು ನನ್ನ ಗಂಡ ಶೇಷಗಿರಿಗೆ ಎಂದು ಬಾಯಿಬಿಟ್ಟು ಹೇಳಿ ಕೌಂಟರಿನಲ್ಲಿ ಕೊಡುತ್ತೇನೆ. ಮನೆಗೆ ಬನ್ನಿ. ಬೂಟು ಹಾಕಿಕೊಂಡೇ ಬನ್ನಿ.

ನಿಮ್ಮ
ಊರ್ಮಿಳಾ

ಮರೆತದ್ದು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ನೀವು ನೋಡಲಿಲ್ಲ ಎಂದೆನಲ್ಲ, ಅದು ಸುಳ್ಳು. ಮೆಣಸ ಬೊಗಳಿದ ಕೂಡಲೇ ತಿರುಗಿದಿರಿ. ನಗುತ್ತ ಕೈಯೆತ್ತಿದಿರಿ. ನಾನು ಅವನ ಬಾಯಿ ಹಿಡಿದದ್ದನ್ನು ಕಂಡು, ಎತ್ತಿದ ಕೈಯನ್ನು ಹಾಗೇ ಇಳಿಸಿ ಆ ಕಾರಿನ ಗಾಜು ಒರೆಸತೊಡಗಿದಿರಿ. ನಿರುಪಮಾಗೆ ಉಳಿದದ್ದೆಲ್ಲ ಹೇಳಿದೆ. ಇದೊಂದನ್ನು ಹೇಳಲಾಗಲಿಲ್ಲ.